ಒಡ್ಡು ಹಾಕಿದ ಸಮುದ್ರ

ಮೊನ್ನೆ ಸೊಸೆ ಚಟ್ನಿಗೆಂದು ಅಗಸಿ ಹುರಿಯಲು ಕುಳಿತಿದ್ದಳು. ಬಾಣಲೆಯಲ್ಲಿ ಅಗಸಿ ಚಟಚಟ ಸಿಡಿಯತೊಡಗಿತು, ಆ ಘಾಟು ಅಡುಗೆಮನೆ ದಾಟಿ ಪಡಸಾಲೆಗೆ ಬಂತು. ಊಟಕ್ಕೆ ಕುಳಿತಿದ್ದ ನಾನು ಮುರಿದ ರೊಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿದು ಕೂತುಬಿಟ್ಟೆ.

"ಯಾಕ್ರಿ ಮಾವಾರ, ರೊಟ್ಟಿ ಬಿರಸ ಆಗ್ಯಾವೇನು?" ಎಂದಳು ಸೊಸೆ.

ರೊಟ್ಟಿ ಛಲೋ ಇದ್ದವು. ನಾನೇ ಅಲಖನೂರಿನ ನಮ್ಮ ಮನೆಯಲ್ಲಿ ಇರಲಿಲ್ಲ. ನಿಪ್ಪಾಣಿ ದಾಟಿದ ಮೇಲೆ ಕೊಲ್ಲಾಪುರದ ಹಾದಿಯಲ್ಲಿ ಆಗ ಲಾರಿಗಳನ್ನು ತಡೆದು ತಪಾಸಣೆ ಮಾಡುವ ಒಂದು ನಾಕಾ ಇತ್ತು, ಅದರ ಪಕ್ಕ ಒಂದು ತಗಡಿನ ಶೆಡ್ಡು. ಆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ ನಾನು. ಒಳಗೆ ಹಿತ್ತಾಳೆ ತಾಟಿನಲ್ಲಿ ಅಗಸಿ ಎಣ್ಣೆ, ಎಣ್ಣೆಯಲ್ಲಿ ಕಲಸಿದ ನೀಲಿ, ಕೆಂಪು... ಅಲ್ಲೇ ಮೊಣಕಾಲೂರಿ ಕುಳಿತ ಒಬ್ಬ ಮನುಷ್ಯ.

ಅವರನ್ನು ನಾವು ಡ್ರೈವರುಗಳು ಕಾಕಾ ಅನ್ನುತ್ತಿದ್ದೆವು. ನಾಕಾದಲ್ಲಿ ಹಾದಿಗೆ ಅಡ್ಡ ಕಟ್ಟಿದ ಬಿದಿರಿನ ಗಳ ಇತ್ತಲ್ಲ, ಅದನ್ನು ಏರಿಸುವುದು, ಇಳಿಸುವುದು ಅವರ ಕೆಲಸ. ಗಳದ ಒಂದು ತುದಿಗೆ ಕಲ್ಲು ಕಟ್ಟಿತ್ತು. ಹಗ್ಗ ಜಗ್ಗಿ ಹಿಡಿದರೆ ಗಳ ಇಳಿಯುತ್ತಿತ್ತು, ಬಿಟ್ಟರೆ ಏಳುತ್ತಿತ್ತು. ದಿನಗೂಲಿಯ ಮೇಲೆ ಹದಿನೆಂಟೋ ಇಪ್ಪತ್ತೋ ವರ್ಷ ಅದೊಂದೇ ಕೆಲಸ ಮಾಡಿದರು. ಅಂಗೈಯಲ್ಲಿ ಹಗ್ಗದ ಗೆರೆ ಬಿದ್ದಿತ್ತು. ಅದೇ ಕೈಯಲ್ಲಿ ಅವರು ಚಿತ್ರ ತೆಗೆಯುತ್ತಿದ್ದರು ಎಂದರೆ ಇವತ್ತಿಗೂ ನಮ್ಮ ಕಡೆಯ ಮಂದಿ ನಗುತ್ತಾರೆ. ನಗಲಿ. ನಗುವವರಿಗೆ ಹೆದರಿ ನಾನು ಒಮ್ಮೆ ಕೆಟ್ಟಿದ್ದೇನೆ. ಮತ್ತೊಮ್ಮೆ ಕೆಡುವುದಿಲ್ಲ.

ನಾನು ಶಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಮೊದಲು ಮಂದಿಯ ಲಾರಿ ಓಡಿಸಿದೆ, ಆಮೇಲೆ ಸ್ವಂತದ್ದು ಮಾಡಿದೆ. ಅಥಣಿಯ ದ್ರಾಕ್ಷಿ, ರಾಯಬಾಗದ ಬೆಲ್ಲ, ನಿಪ್ಪಾಣಿಯ ತಂಬಾಕು, ಏನು ಸಿಕ್ಕಿತೋ ಅದನ್ನು ಹೇರಿಕೊಂಡು ಎಂಬತ್ತರ ದಶಕವಿಡೀ ಮುಂಬಯಿಗೆ ತಿರುಗಿದೆ. ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಆ ನಾಕಾದಲ್ಲಿ ಸಾಲು ಹಚ್ಚಿ ನಿಲ್ಲಲೇಬೇಕು. ಕಾಗದಪತ್ರ ನೋಡುವವರು ಒಳಗೆ ಇರುತ್ತಿದ್ದರು. ಹೊರಗೆ ಕಾಕಾ. ಮಂದಿ ನಮ್ಮನ್ನು ಏನು ತುಂಬಿದ್ದೀರಿ, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳುತ್ತಿದ್ದರು. ಕಾಕಾ ಕೇಳುತ್ತಿದ್ದದ್ದು ಬೇರೆ: "ಏನ್ ನೋಡಿದ್ಯೋ?"

ಅವರು ಹುಟ್ಟಿದ್ದು ಕುರಿ ಕಾಯುವ ಮನೆತನದಲ್ಲಿ. ಆ ಕಡೆ ಕೊಲ್ಲಾಪುರ, ಈ ಕಡೆ ಸಂಕೇಶ್ವರ, ಇಷ್ಟೇ ಅವರು ಕಂಡ ಜಗತ್ತು. ಆದರೆ ಆ ಗಳದ ಕೆಳಗೆ ಇಡೀ ದೇಶದ ಲಾರಿ ಹಾಯುತ್ತಿದ್ದವು. ಸೇಬು ತುಂಬಿದ ಲಾರಿಯ ಪಂಜಾಬಿ ಡ್ರೈವರನೊಬ್ಬ ಹಿಮದ ಗುಡ್ಡದಿಂದ ಇಳಿದು ಬಂದಿದ್ದ. ಕಾಕಾ ತಮ್ಮ ಅರೆಬರೆ ಹಿಂದಿಯಲ್ಲಿ ಅವನಿಗೆ ಕೇಳಿದ್ದು ಹಿಮದ ಬಣ್ಣವನ್ನಲ್ಲ; ಅದನ್ನು ತುಳಿದರೆ ಯಾವ ಸಪ್ಪಳ ಬರುತ್ತದೆ ಎಂದು. ಅವನು ಸುತ್ತ ನೋಡಿ, ಪಕ್ಕದ ಗಾಡಿಯವನ ಹತ್ತಿರ ಒಂದು ಹಿಡಿ ಚುರಮುರಿ ಈಸಿಕೊಂಡು ನೆಲಕ್ಕೆ ಚೆಲ್ಲಿ, ಬೂಟಿನಿಂದ ತುಳಿದು ತೋರಿಸಿದ. ಮುಂದೆ ಕಾಕಾ ತೆಗೆದ ಹಿಮದ ಗುಡ್ಡ ಕಾಳುಕಾಳಾಗಿತ್ತು. ಸಾವಿರಾರು ಬಿಳೀ ಕಾಳು, ಒಂದರಂತೆ ಒಂದಿಲ್ಲ. ಅದರ ಮುಂದೆ ನಿಂತರೆ ಕಾಲ ಕೆಳಗೆ ಸಪ್ಪಳ ಕೇಳಿದ ಹಾಗೆ ಆಗುತ್ತಿತ್ತು.

ಇದನ್ನೆಲ್ಲ ಅವರಿಗೆ ಯಾರೂ ಕಲಿಸಿದ್ದಲ್ಲ. ಚಿತ್ರಕ್ಕೆ ಬಟ್ಟೆ ಬೇಕಲ್ಲ? ಲಾರಿಯ ಸರಕಿಗೆ ಹೊದಿಸುವ ದಪ್ಪ ತಾಡಪತ್ರಿ ಹರಿದು ಹಳೆಯದಾದರೆ ಅದನ್ನು ಡ್ರೈವರುಗಳ ಹತ್ತಿರ ಬೇಡಿ ಇಟ್ಟುಕೊಳ್ಳುತ್ತಿದ್ದರು. ಸೋಡಾ ಹಾಕಿ ಕುದಿಸಿ, ಬಡಿದು ಒಗೆದು, ಹುಣಸಿಬೀಜದ ಗಂಜಿ ಹಚ್ಚಿ ಬಿಸಿಲಿಗೆ ಹಾಕುತ್ತಿದ್ದರು. ಅವರ ಅವ್ವ ಕಂಬಳಿಗೆ ಹಚ್ಚುತ್ತಿದ್ದ ಗಂಜಿಯೇ ಅದು. ಗಂಜಿ ಕುಡಿದ ಬಟ್ಟೆ ಬಣ್ಣ ಕುಡಿಯುವುದಿಲ್ಲ ಎನ್ನುವುದು ಅವರಿಗೆ ಕಂಬಳಿಯಿಂದಲೇ ಗೊತ್ತಾಗಿತ್ತು. ಬಣ್ಣವೆಂದರೆ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚುವ ಪುಡಿ, ಗೋಡೆಗೆ ಬಳಿಯುವ ಹುರಮಂಜು, ದೀಪದ ಕಾಡಿಗೆ, ಬಟ್ಟೆಯ ನೀಲಿ. ಕಲಸುವುದಕ್ಕೆ ಮೊದಲು ಶೇಂಗಾ ಎಣ್ಣೆ ಹಾಕಿ ನೋಡಿದರಂತೆ. ಅದು ಒಣಗಲೇ ಇಲ್ಲ, ಇರುವೆ ಬಂದು ಅರ್ಧ ಚಿತ್ರವನ್ನು ಹೊತ್ತೊಯ್ದವು. ಕುಸುಬಿ ಎಣ್ಣೆ ತಿಂಗಳುಗಟ್ಟಲೆ ತಡ ಮಾಡಿತು. ಕಡೆಗೆ ಅಗಸಿ ಎಣ್ಣೆಯನ್ನು ತಾಟಿಗೆ ಹೊಯ್ದು ಬಿಸಿಲಿಗಿಟ್ಟು, ಜೇನಿನ ಹಾಗೆ ಗಟ್ಟಿಯಾದ ಮೇಲೆ ಬಣ್ಣ ಕಲಸಿದರು. ಅದು ಕೂತಿತು. ಕುಂಚ ಆಡಿನ ಕೂದಲಿನದು.

ಅವರ ಹೆಂಡತಿಯನ್ನು ನಾವು ಕಾಕು ಅನ್ನುತ್ತಿದ್ದೆವು. ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಬಾಯಿ ಬಿರುಸು, ಮನಸ್ಸು ಹಂಗಲ್ಲ. "ಮಂದಿ ಗಂಡಂದ್ರು ಗಾಣಕ್ಕ ಹೋದ್ರ ಒಗ್ಗರಣಿಗೆ ಎಣ್ಣಿ ತರ್ತಾರ, ನಮ್ಮಾವ್ರು ಗುಡ್ಡಕ್ಕ ಹಚ್ಚಾಕ ತರ್ತಾರ" ಎಂದು ನನ್ನ ಮುಂದೆಯೇ ಅನ್ನುತ್ತಿದ್ದರು. ಕಾಕಾ ತಲೆಯೆತ್ತದೆ, "ಗುಡ್ಡ ಉಣ್ಣೂದಿಲ್ಲ ಅಂತ ಬಿಡಾಕ ಬರತೈತೇನು?" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಸಾಲು ಉದ್ದವಿತ್ತು. ನಾನು ಶೆಡ್ಡಿನ ನೆರಳಿನಲ್ಲಿ ಕೂತಿದ್ದೆ. ಹಗ್ಗ ಹಿಡಿದುಕೊಂಡೇ ಕಾಕಾ ಕೇಳಿದರು.

"ಲೇ ತಮ್ಮಾ, ಸಮುದ್ರ ಹೆಂಗ ಐತಿ?"

"ಕೃಷ್ಣಾ ಹೊಳಿಗೆ ಮಹಾಪೂರ ಬಂದಂಗ ಐತ್ರಿ ಕಾಕಾ."

"ಪೂರ ಬಂದ್ರೂ ಆಚಿ ದಂಡಿ ಕಾಣತೈತಿ. ಇದರದು?"

"ಆಚಿ ದಂಡಿ ಇಲ್ರಿ."

"ಹಂಗಾರ ಆ ನೀರು ನಿಂತೈತಿ ಹೆಂಗೋ? ಹರದ ಬರಬೇಕಲ್ಲ ನಮ್ಮ ಮ್ಯಾಲ?"

ನಾನು ಮುಂಬಯಿಯನ್ನು ನೆನೆಸಿಕೊಂಡೆ. ಸರಕು ಇಳಿಸಿದ ಮೇಲೆ ಒಮ್ಮೊಮ್ಮೆ ನಡೆದು ಹೋಗಿ ಕೂರುತ್ತಿದ್ದ ಜಾಗ ಕಣ್ಣಿಗೆ ಬಂತು. "ಈ ಕಡೆ ಹಾದಿಗುಂಟ ಕಲ್ಲಿನ ಒಡ್ಡು ಹಾಕ್ಯಾರ್ರಿ. ಮಂದಿ ಅದರ ಮ್ಯಾಲ ಕುಂತು ಶೇಂಗಾ ತಿಂತಾರ. ನೀರು ಎದರಿಗೆ ಗೋಡಿ ನಿಂತಂಗ ಕಾಣತೈತಿ ನೋಡ್ರಿ, ನಮಗಿಂತ ಎತ್ತರ."

ಕಾಕಾ ಹಗ್ಗ ಬಿಡುವುದನ್ನೂ ಮರೆತರು. ಮುಂದಿನ ಲಾರಿಯವನು ಹಾರನ್ ಹೊಡೆದು ಹೊಡೆದು, ಕಡೆಗೆ ಇಳಿದು ಬಂದು ಅವರ ಕೈಯಿಂದ ಹಗ್ಗ ಬಿಡಿಸಿ, ತಾನೇ ಗಳ ಎತ್ತಿಕೊಂಡು ಹೋದ.

ಮೂರು ತಿಂಗಳು ಹಿಡಿಯಿತು ಆ ಸಮುದ್ರ. ಕೇರಳದ ಕಡೆಯ ತೆಂಗಿನಕಾಯಿ ಲಾರಿಯವನೊಬ್ಬ ಕೊಟ್ಟ ದೊಡ್ಡ ತಾಡಪತ್ರಿಯ ಮೇಲೆ ತೆಗೆದರು. ಕೆಳಗೆ ಕರೀ ಕಲ್ಲಿನ ಒಡ್ಡು, ಒಡ್ಡಿನ ಮೇಲೆ ನಮಗೆ ಬೆನ್ನು ಮಾಡಿ ಕುಳಿತ ಮಂದಿ. ಅಲ್ಲಿಂದ ಮೇಲೆ ಬರೀ ನೀರು, ಬಟ್ಟೆಯ ತುದಿಯವರೆಗೂ ನೀರು. ಆಕಾಶಕ್ಕೆ ಜಾಗವೇ ಇಲ್ಲ. ತೆರೆಗಳನ್ನು ಅವರು ಕುಂಟೆ ಹೊಡೆದ ಹೊಲದ ಸಾಲಿನ ಹಾಗೆ ಎಳೆದಿದ್ದರು. ಸಾಲಿಗೊಂದು ನೀಲಿ. ನೇಗಿಲ ಹಿಂದೆ ಬೆಳ್ಳಕ್ಕಿ ನಡೆಯುತ್ತವಲ್ಲ, ಹಾಗೆ ತೆರೆಗಳ ಹಿಂದೆ ಬೆಳ್ಳಕ್ಕಿ ಹೆಜ್ಜೆ ಹಾಕುತ್ತಿದ್ದವು. ಮುಂಬಯಿಯಲ್ಲಿ ನಾನು ಕಂಡ ಸಮುದ್ರ ಹಾಗಿರಲಿಲ್ಲ ಎಂದು ಯಾರಾದರೂ ಅಂದರೆ ನಾನು ಇಷ್ಟೇ ಹೇಳುತ್ತೇನೆ: ಅದನ್ನು ನೋಡಿದ ಮೇಲೆ ಮುಂಬಯಿಗೆ ಹೋದಾಗೆಲ್ಲ ನಾನು ತೆರೆಗಳ ಹಿಂದೆ ಬೆಳ್ಳಕ್ಕಿ ಹುಡುಕಿದ್ದೇನೆ.

ನಾಕಾದ ಮಂದಿಗೆ ಹಬ್ಬವಾಯಿತು. ಚಹಾದಂಗಡಿಯವನು ದಿನಾ ಮರಾಠಿಯಲ್ಲಿ ಕೂಗುತ್ತಿದ್ದ: "ಕಾಯ್ ಪೇಂಟರ್, ಸಮುದ್ರಾಲಾ ಬಾಂಧ್ ಘಾತಲಾ? ಆತಾ ಊಸ್ ಲಾವಾ!" ಸಮುದ್ರಕ್ಕೆ ಒಡ್ಡು ಹಾಕಿದ್ದಾಯಿತಲ್ಲ, ಇನ್ನು ಕಬ್ಬು ಹಚ್ಚಿರಿ ಎಂದು. ಪೇಂಟರ ಎನ್ನುವುದು ಅಲ್ಲಿ ಬೈಗುಳವೇ ಆಗಿತ್ತು. ಕಾಕಾ ನಕ್ಕು ಬಿಡುತ್ತಿದ್ದರು. ಆದರೆ ಒಳಗೆ ಅದು ಕೊರೆಯುತ್ತಿತ್ತೆಂದು ನನಗೆ ಗೊತ್ತಾದದ್ದು ಒಂದು ಹಸ್ತಪತ್ರಿಕೆ ಬಂದ ಮೇಲೆ. ಚಿಕ್ಕೋಡಿಯ ಒಂದು ಸಂಘದವರು ಎರಡು ದಿನ ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಸುತ್ತಿನ ತಾಲೂಕುಗಳ ಯಾರೇ ಆಗಲಿ ಚಿತ್ರ ತರಬಹುದು ಎಂದಿತ್ತು.

"ಓದಿದವರು ನಾಕು ಮಂದಿ ನೋಡಿ, ಇದು ಚಿತ್ರ ಅನ್ನಬೇಕು. ಅಷ್ಟ," ಎಂದರು ಕಾಕಾ.

ಕಾಕು ಬೀಡಿ ಕಟ್ಟುವ ಕೈ ನಿಲ್ಲಿಸಿದರು. "ಅನ್ನಲಿಲ್ಲಾ ಅಂದ್ರ?"

"ಅನ್ನಲಿಲ್ಲಾ ಅಂದ್ರ ಬಿಟ್ಟ ಬಿಡತೀನಿ. ಕುಂಚ ಎಲ್ಲಾ ನಿನ್ನ ಒಲಿಗೆ."

"ಈ ಡ್ರೈವರನ ಮುಂದ ಮಾತ ಕೊಟ್ಟೀರಿ. ನೆನಪ ಇಟಗೋರಿ."

ಮಾತು ಕೊಟ್ಟರೆ ಕೊಟ್ಟದ್ದೇ, ಕಾಕಾ ಅಂಥ ಮನುಷ್ಯ. ಹೀಗೆ ಆ ಪ್ರದರ್ಶನ ಬರಿಯ ಪ್ರದರ್ಶನವಾಗಿ ಉಳಿಯಲಿಲ್ಲ. ಅವರ ಕೈಯಲ್ಲಿ ಕುಂಚ ಉಳಿಯಬೇಕೋ ಬೇಡವೋ ಎನ್ನುವುದು ಅಲ್ಲಿ ತೀರ್ಮಾನ ಆಗುವುದಿತ್ತು. ಸಮುದ್ರವನ್ನು ನಾನು ಲಾರಿಯಲ್ಲಿ ಹೇರಿದೆ, ಕಾಕಾನನ್ನೂ ಕೂರಿಸಿಕೊಂಡು ಹೋದೆ. ಅಲ್ಲಿ ಒಂದು ಅರ್ಜಿ ತುಂಬಬೇಕಿತ್ತು. ನಾನೇ ತುಂಬಿದೆ, ಅಕ್ಷರ ದಪ್ಪ ದಪ್ಪ ಬಂದವು. "ಕಲೆಯನ್ನು ಕಲಿತ ಸ್ಥಳ" ಎಂದು ಒಂದು ಸಾಲು. ಏನು ಬರೆಯಲಿ ಎಂದು ಕೇಳಿದರೆ ಕಾಕಾ ಒಂದು ಗಳಿಗೆಯೂ ತಡೆಯಲಿಲ್ಲ. "ನಿಪ್ಪಾಣಿ ನಾಕಾ ಅಂತ ಬರಿ."

ಚಿತ್ರ ದೊಡ್ಡದಿತ್ತು, ಬಾಗಿಲ ಪಕ್ಕದ ಗೋಡೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಆರಿಸುವ ಡ್ರಾಯಿಂಗ್ ಮಾಸ್ತರರು ಇನ್ನೂ ಐದಾರು ಜನರ ಜೊತೆ ಬಂದರು. ಕೊಲ್ಲಾಪುರದಲ್ಲಿ ಡಿಪ್ಲೊಮಾ ಮಾಡಿದವರು, ಇಸ್ತ್ರಿ ಮುರಿಯದ ಅಂಗಿ. ಅರ್ಜಿಯನ್ನು ಗಟ್ಟಿಯಾಗಿ ಓದಿದರು. ನಿಪ್ಪಾಣಿ ನಾಕಾ ಎನ್ನುವ ಮಾತಿಗೆ ಹಿಂದಿನವರು ನಕ್ಕರು. ಮಾಸ್ತರರು ನಗಲಿಲ್ಲ, ಅದನ್ನೂ ಹೇಳಬೇಕು. ಚಿತ್ರದ ಮುಂದೆ ನಿಂತು ತಲೆ ಅಲ್ಲಾಡಿಸಿದರು. ಆಕಾಶ ಎಲ್ಲಿ, ನೀರು ಆಕಾಶ ಕೂಡುವ ಗೆರೆ ಎಲ್ಲಿ ಎಂದು ಕೇಳಿದರು. ಆಮೇಲೆ ಒಡ್ಡಿನ ಮೇಲೆ ಬೆರಳಿಟ್ಟರು.

"ಇದೇನ್ರಿ ಇದು?"

"ಒಡ್ಡರಿ ಸಾಹೇಬ್ರ."

"ಸಮುದ್ರಕ್ಕ ಒಡ್ಡು? ಯಾರು ಹೇಳಿದ್ರು ನಿಮಗ?"

ಕಾಕಾ ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ಎಂಥ ಧೈರ್ಯ... ಸಾಕ್ಷಿದಾರ ಪಕ್ಕದಲ್ಲೇ ಇದ್ದಾನಲ್ಲ ಎನ್ನುವ ಧೈರ್ಯ. "ನಮ್ಮ ಡ್ರೈವರ ಕಣ್ಣಾರೆ ನೋಡ್ಯಾನ್ರಿ. ಅವನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಖಾಕಿ ಅಂಗಿ, ಗ್ರೀಸ್ ಮೆತ್ತಿದ ಕೈ. ಘಾಟಿನಲ್ಲಿ ಬ್ರೇಕು ಹೋದಾಗಲೂ ಹೆದರದ ಮನುಷ್ಯ ನಾನು. ಆದರೆ ಆ ಸಭಾಗೃಹ, ಆ ಕುರ್ಚಿಗಳು, ಕನ್ನಡಕದ ಮೇಲಿಂದ ನೋಡುವ ಆ ಮಾಸ್ತರರು... ನಾನು ಮತ್ತೆ ನಾಲ್ಕನೇ ಇಯತ್ತೆಯ ಬೆಂಚಿನ ಮೇಲೆ ನಿಂತ ಹಾಗಾಯಿತು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು.

"ನಾ ಏನ್ ಬಲ್ಲೆರಿ ಸರ್."

ನಗು ಗೊಳ್ಳೆಂದಿತು. ನಾಳೆ ದೊಡ್ಡವರು ಬರುವವರಿದ್ದಾರೆ, ಇದು ಬೇಡ ಎಂದು ಮಾಸ್ತರರು ಮೆತ್ತಗೆ ಹೇಳಿ ಮುಂದೆ ಹೋದರು. ಕಾಕಾ ತಾವೇ ಮೊಳೆ ಕಿತ್ತು, ತಾವೇ ತಾಡಪತ್ರಿ ಸುತ್ತಿದರು. ಬಣ್ಣ ಮುರಿಯಬಾರದೆಂದು ಬಣ್ಣದ ಮಗ್ಗುಲನ್ನು ಹೊರಗೆ ಮಾಡಿ, ಕೂಸನ್ನು ಸುತ್ತುವ ಹಾಗೆ ಸುತ್ತಿದರು.

ಹಾದಿಗುಂಟ ಕಾಕಾ ಚಿತ್ರದ ಸುರುಳಿ ಹಿಡಿದು ಕೂತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ನಿಪ್ಪಾಣಿ ಇನ್ನೇನು ಬಂತು ಅನ್ನುವಾಗ ಕೇಳಿದರು.

"ಒಡ್ಡು ಐತಿಲ್ಲೋ ತಮ್ಮಾ?"

"ಐತ್ರಿ ಕಾಕಾ."

"ಖರೇನ?"

"ನಾ ಅದರ ಮ್ಯಾಲ ಕುಂತೀನ್ರಿ."

"ಹಂಗಾರ ಸಾಕು," ಎಂದು ಕಿಟಕಿಯ ಹೊರಗೆ ನೋಡತೊಡಗಿದರು.

ಆ "ಸಾಕು" ನನ್ನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಮರುದಿನ ರಾಯಬಾಗದಲ್ಲಿ ಬೆಲ್ಲ ತುಂಬುವುದಿತ್ತು. ಹೋಗಲಿಲ್ಲ. ಹೊತ್ತು ಏರುವುದರೊಳಗೆ ಕಾಕಾನ ಮನೆ ಮುಂದೆ ಲಾರಿ ನಿಲ್ಲಿಸಿದೆ. ಒಲೆಯ ಪಕ್ಕ ಕುಂಚಗಳ ಕಟ್ಟು ಇಟ್ಟಿತ್ತು, ಇನ್ನೂ ಒಳಗೆ ಹಾಕಿರಲಿಲ್ಲ. ಕಾಕು ಅದರ ಕಡೆ ನೋಡುತ್ತಲೂ ಇರಲಿಲ್ಲ.

"ಕಾಕಾ, ಚಿತ್ರಾ ತಗೋರಿ. ಚಿಕ್ಕೋಡಿಗೆ ಹೋಗೂನು."

"ಮತ್ತೊಮ್ಮಿ ನಗಸಾಟ ಆಗೂದೈತೇನು?" ಎಂದು ಕಾಕು ಎದ್ದು ನಿಂತರು.

"ಅವರು ನಕ್ಕದ್ದು ಕಾಕಾಗ ಅಲ್ಲ ಕಾಕು. ಖರೇ ಮಾತ ನುಂಗಿದಾವ ನಾನು. ಇವತ್ತ ಅದನ್ನ ಹೊರಗ ತಗೀತೀನಿ."

ಕಾಕಾ ಬರಲು ಒಪ್ಪಲಿಲ್ಲ. ನನ್ನನ್ನು ಲಾರಿಗೆ ಹತ್ತಿಸುವ ನೆಪದಲ್ಲಿ ಬಂದರು, ಆಮೇಲೆ ತಾವೂ ಹತ್ತಿದರು.

ಪ್ರದರ್ಶನದ ಕಟ್ಟಡದ ಎದುರಿಗೇ ಬಯಲಿತ್ತು. ಅಲ್ಲಿ ಲಾರಿಯನ್ನು ಅಡ್ಡ ನಿಲ್ಲಿಸಿದೆ. ಸಮುದ್ರವನ್ನು ಲಾರಿಯ ಮಗ್ಗುಲಿಗೆ ಹರಡಿ, ಸರಕಿಗೆ ಹಗ್ಗ ಬಿಗಿಯುವ ಹಾಗೆ ನಾಲ್ಕೂ ಮೂಲೆ ಬಿಗಿದೆ. ಬಿಸಿಲು ಬಿದ್ದದ್ದೇ ತಡ, ಆ ನೀಲಿ ಸಾಲುಗಳೆಲ್ಲ ಎದ್ದು ನಿಂತವು. ಗೋಡೆಯ ಮೇಲೆ, ಟ್ಯೂಬಲೈಟಿನ ಕೆಳಗೆ ಅವು ಸತ್ತು ಬಿದ್ದಿದ್ದವು. ಬಿಸಿಲಿನಲ್ಲಿ ಹುಟ್ಟಿದ ಚಿತ್ರಕ್ಕೆ ಬಿಸಿಲೇ ಬೇಕಿತ್ತೇನೋ.

ಚಿಕ್ಕೋಡಿಯೆಂದರೆ ಕೋರ್ಟು. ತಾರೀಖಿಗೆ ಬಂದ ಮಂದಿ ಅಲ್ಲೇ ಬೇವಿನ ಗಿಡದ ಕೆಳಗೆ ಕೂತಿದ್ದರು. ವಕೀಲರು ಕರೆಯುವ ತನಕ ಅವರಿಗೆ ಮಾಡಲು ಏನೂ ಕೆಲಸವಿಲ್ಲ. ಮೊದಲು ಇಬ್ಬರು ಬಂದರು, ಆಮೇಲೆ ಹತ್ತು ಜನ, ಆಮೇಲೆ ಜಾತ್ರೆಯೇ. ಎಲ್ಲರೂ ಹೊಲದ ಮಂದಿ, ನೀರಿನ ಪಾಳಿಗೆ ಬಡಿದಾಡಿ ಕೋರ್ಟು ಹತ್ತಿದವರು. ಅವರು ಚಿತ್ರ ನೋಡಿದ ರೀತಿಯೇ ಬೇರೆ.

"ಇಷ್ಟು ನೀರು ಯಾವ ಊರಾಗ ಐತ್ರಿ?" ಎಂದ ಒಬ್ಬ.

"ಸಮುದ್ರಲೇ ಅದು. ಉಪ್ಪು ಇರತೈತಿ."

"ಉಪ್ಪಾದ್ರೂ ಇರಲಿ, ನಮ್ಮ ದಾಯಾದಿ ಹೊಲಕ್ಕ ಬಿಡಸ್ರಿ."

ನಗು ಎದ್ದಿತು. ನಿನ್ನೆಯ ನಗುವಲ್ಲ ಅದು. ಕಾಕಾ ಕೂಡ ಲಾರಿಯ ಗಾಲಿಗೆ ಒರಗಿ ನಕ್ಕರು. ಅಷ್ಟರಲ್ಲಿ ರುಮಾಲು ಸುತ್ತಿದ ಮುದುಕರೊಬ್ಬರು ಮುಂದೆ ಬಂದು, ಒಡ್ಡಿನ ಮುಂದೆ ಬಗ್ಗಿ, ಬಹಳ ಹೊತ್ತು ನೋಡಿದರು. ಆಯುಷ್ಯವಿಡೀ ಒಡ್ಡು ಹಾಕಿದವರ ಕಣ್ಣು ಅದು.

"ಯಾರ ತಗದದ್ದು ಇದನ್ನ?"

"ನಾನರಿ ಅಜ್ಜಾರ," ಎಂದರು ಕಾಕಾ.

"ನೀರು ಖರೇ ಬಂದೈತಿ. ಒಡ್ಡು ಸಾಲೂದಿಲ್ಲ. ಇಷ್ಟು ನೀರಿಗೆ ಈ ಒಡ್ಡು ತಡಿಯೂದಿಲ್ಲ ತಮ್ಮಾ. ಇನ್ನೊಂದು ಸಾಲು ಕಲ್ಲು ಏರಸು."

ಕಾಕಾನ ಮುಖ ಗಂಭೀರವಾಯಿತು. ಮುದುಕರ ಪಕ್ಕದಲ್ಲಿ ತಾವೂ ಬಗ್ಗಿ ನೋಡಿದರು. "ಹೌದ್ರಿ. ಸಾಲೂದಿಲ್ಲ," ಎಂದರು. ಅವರ ಚಿತ್ರವನ್ನು ಯಾರಾದರೂ ಚಿತ್ರದ ಹಾಗೆ ನೋಡಿ ತಪ್ಪು ಹೇಳಿದ್ದು ಅದೇ ಮೊದಲು.

ಗದ್ದಲ ಕೇಳಿ ಒಳಗಿನವರು ಹೊರಗೆ ಬಂದರು. ಮಾಸ್ತರರೂ ಬಂದರು. ನಾನು ಲಾರಿಯ ಬಾನೆಟ್ಟಿನ ಮೇಲೆ ಹತ್ತಿ ನಿಂತೆ. ಎಲ್ಲರಿಗೂ ಕೇಳುವ ಹಾಗೆ ಕೂಗಿದೆ.

"ಸರ್! ನಿನ್ನೆ ನೀವು ಕೇಳಿದ್ರಿ, ನಾ ಹೇಳಲಿಲ್ಲ. ಇವತ್ತ ಹೇಳತೀನಿ. ಸಮುದ್ರಕ್ಕ ಒಡ್ಡು ಐತಿ! ಮುಂಬಯಿದಾಗ ಹೋಗಿ ನೋಡ್ರಿ. ಕಲ್ಲಿಂದು. ಅದರ ಮ್ಯಾಲ ಕುಂತು ಶೇಂಗಾ ತಿಂದೀನಿ ನಾನು. ನೀವು ಸಮುದ್ರ ನೋಡೀರೇನ್ರಿ?"

ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಪುಸ್ತಕದಾಗ ನೋಡೀನಿ," ಎಂದರು.

ಮಂದಿ ಶಿಳ್ಳೆ ಹೊಡೆದರು. ಕಾಕಾ ಕೈಯೆತ್ತಿ ಸುಮ್ಮನಾಗಿಸಿದರು. ಮಾಸ್ತರರು ಹತ್ತಿರ ಬಂದು ನೀಲಿಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದರು. "ಯಾವ ಎಣ್ಣಿ ಇದು?" "ಅಗಸೀದರಿ." ಮಾಸ್ತರರು ಬೆರಳನ್ನು ಮತ್ತೊಮ್ಮೆ ಮೂಸಿದರು. ದೊಡ್ಡ ದೊಡ್ಡ ಚಿತ್ರಗಾರರು ಹಾಕುವುದೂ ಇದೇ ಎಣ್ಣೆ, ತಾವು ಅದನ್ನು ಸಣ್ಣ ಬಾಟಲಿಯಲ್ಲಿ ಕೊಲ್ಲಾಪುರದಿಂದ ತರಿಸುವುದಾಗಿ ಹೇಳಿದರು. ಆಮೇಲೆ ದನಿ ಇಳಿಸಿ, "ನಂದು ಇಷ್ಟು ಗಟ್ಟಿ ಆಗೂದಿಲ್ಲ. ನೀವು ಏನ್ ಮಾಡ್ತೀರಿ?" ಎಂದು ಕೇಳಿದರು.

"ತಾಟಿನ್ಯಾಗ ಹಾಕಿ ಬಿಸಲಿಗೆ ಇಡ್ರಿ. ಧೂಳ ಬೀಳಧಂಗ ಅರಿವಿ ಮುಚ್ಚರಿ," ಎಂದರು ಕಾಕಾ.

ಚಿತ್ರವನ್ನು ಒಳಗೆ ತನ್ನಿ ಎಂದು ಮಾಸ್ತರರು ಕರೆದರೋ ಇಲ್ಲವೋ ನನಗೆ ಸರಿಯಾಗಿ ನೆನಪಿಲ್ಲ... ಕರೆದಿದ್ದರೂ ಕಾಕಾ ಹೋಗುತ್ತಿರಲಿಲ್ಲ. ಇಳಿಹೊತ್ತಿನ ತನಕ ಸಮುದ್ರ ಬಯಲಿನಲ್ಲೇ ಇತ್ತು, ಒಳಗಿನ ಪ್ರದರ್ಶನಕ್ಕಿಂತ ಹೊರಗೆ ಮಂದಿ ಜಾಸ್ತಿ ಇದ್ದರು. ಅದನ್ನು ನಾನು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಮನೆಗೆ ಬಂದಾಗ ಕಾಕು ಬಾಗಿಲಲ್ಲೇ ಇದ್ದರು. "ಓದಿದವರು ಚಿತ್ರ ಅಂದ್ರೇನ್ರಿ?"

"ಇಲ್ಲ."

"ಹಂಗಾರ ಕುಂಚ ಒಲಿಗಿ ಹಾಕೂದ?"

"ಹೆಂಗ ಹಾಕತಿ? ಕೆಲಸಾನ ಮುಗದಿಲ್ಲ. ಒಡ್ಡು ಇನ್ನೊಂದು ಸಾಲು ಏರಸೂದೈತಿ," ಎನ್ನುತ್ತ ಕಾಕಾ ಒಲೆಯ ಪಕ್ಕದ ಕಟ್ಟನ್ನು ಎತ್ತಿಕೊಂಡು ಹೊರಗೆ ಹೋದರು. ಕಾಕು ಮುಖ ತಿರುಗಿಸಿ ನಕ್ಕದ್ದನ್ನು ನಾನು ನೋಡಿದೆ. ಬೆಳಗಿನಿಂದ ಸಂಜೆಯವರೆಗೂ ಅವರು ಆ ಕಟ್ಟನ್ನು ಮುಟ್ಟಿರಲಿಲ್ಲ.

ಅದಾದ ಮೇಲೆ ಎಂಟು ಹತ್ತು ವರ್ಷ ತೆಗೆದರು. ರಾಜಸ್ಥಾನದ ಉಸುಕು, ಅಸ್ಸಾಮಿನ ಚಹಾದ ತೋಟ, ಕಲ್ಕತ್ತೆಯ ಹೊಳೆಯ ಮೇಲಿನ ಕಬ್ಬಿಣದ ಪೂಲು, ಎಲ್ಲವೂ ಆ ಶೆಡ್ಡಿಗೆ ಬಂದವು. ಎಲ್ಲದರಲ್ಲೂ ಎಲ್ಲೋ ಒಂದು ಕಡೆ ನಮ್ಮ ಕರೀ ಮಣ್ಣು ಇಣುಕುತ್ತಿತ್ತು. ಒಮ್ಮೆ ನಾನು ಹಟ ಹಿಡಿದೆ, ಬನ್ನಿ, ಮುಂಬಯಿಗೆ ಕರೆದೊಯ್ಯುತ್ತೇನೆ, ಸಮುದ್ರ ನೋಡುವಿರಂತೆ ಎಂದು. ಅವರು ಹಗ್ಗ ಸಡಿಲ ಬಿಟ್ಟು, ಗಳ ಏಳುವುದನ್ನೇ ನೋಡುತ್ತ, "ನೀ ನೋಡಿ ಬಂದ ಹೇಳು. ನಾ ಹೋದ್ರ ಗೇಟ ಯಾರ ಎತ್ತವರು?" ಎಂದರು.

ತೊಂಬತ್ತರ ದಶಕದ ನಡುವೆ ಒಂದು ಮಳೆಗಾಲ ನಾನು ಗುಜರಾತಿನ ಕಡೆ ಹೋಗಿದ್ದೆ. ತಿರುಗಿ ಬರುವಾಗ ನಾಕಾದಲ್ಲಿ ಬೇರೆ ಯಾವನೋ ಹಗ್ಗ ಹಿಡಿದಿದ್ದ. ಕಾಕಾ ಹೋಗಿಬಿಟ್ಟಿದ್ದರು, ಕಾಮಾಲೆಯಂತೆ... ಹಾಸಿಗೆ ಹಿಡಿದು ಹದಿನೈದು ದಿನವೂ ಆಗಿರಲಿಲ್ಲವಂತೆ. ಮಣ್ಣು ಕೊಡುವುದಕ್ಕೂ ನಾನು ಸಿಗಲಿಲ್ಲ.

ಸತ್ತವರು ಈಸಿಕೊಂಡ ವಸ್ತು ಮನೆಯಲ್ಲಿ ಉಳಿಯಬಾರದು, 'ಜೀವ ಅದಕ್ಕ ತೊಡರತೈತಿ' ಎನ್ನುತ್ತಾರೆ ನಮ್ಮ ಕಡೆ. ಕಾಕು ಅದನ್ನು ಅಕ್ಷರಶಃ ಹಿಡಿದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಯಾವ ತಾಡಪತ್ರಿ ಯಾವ ಡ್ರೈವರನದು ಎಂದು ಅದರ ತೂತು, ತೇಪೆ, ಹೊಲಿಗೆಯ ಮೇಲೆ ಗುರುತು ಹಿಡಿಯುತ್ತಿದ್ದರು. ವರ್ಷವಿಡೀ ನಾಕಾದಲ್ಲಿ ಕಾದು ಕೂತು, ಒಬ್ಬೊಬ್ಬರನ್ನೇ ನಿಲ್ಲಿಸಿ ಅವರವರದನ್ನು ಅವರವರಿಗೆ ಕೊಟ್ಟರು. ಹಿಮದ ಗುಡ್ಡ ಪಂಜಾಬಿನ ಕಡೆ ಹೋಯಿತು, ಸಮುದ್ರ ಕೇರಳಕ್ಕೆ. ಅಗಸಿ ಎಣ್ಣೆ ಕುಡಿದ ತಾಡಪತ್ರಿಯಲ್ಲಿ ಒಂದು ಹನಿ ಸೋರುವುದಿಲ್ಲ ಎಂದು ಗೊತ್ತಾದ ಮೇಲೆ ಡ್ರೈವರುಗಳು ಅವನ್ನು ಸರಕಿಗೆ ಹೊದಿಸಿಕೊಂಡರು. ನಾನು ವರ್ಷಗಟ್ಟಲೆ ಎದುರು ಬರುವ ಲಾರಿಗಳ ಮೇಲೆಲ್ಲ ಕಣ್ಣಾಡಿಸಿದೆ. ಒಂದೇ ಒಂದು ಸಲ ಸಾತಾರದ ಹತ್ತಿರ, ಮಳೆಯಲ್ಲಿ, ಮುಂದೆ ಹೋಗುತ್ತಿದ್ದ ಲಾರಿಯ ಮೇಲೆ ಒಂದು ನೀಲಿ ಕಂಡಂತಾಯಿತು... ಹಿಡಿಯಲು ಆಗಲಿಲ್ಲ.

ನಾನು ಕೊಟ್ಟಿದ್ದ ತಾಡಪತ್ರಿಯೂ ನನಗೆ ತಿರುಗಿ ಬಂತು. ಅದರ ಮೇಲೆ ಏನಿದೆ ಎಂದು ಕಾಕಾ ನನಗೆ ಎಂದೂ ತೋರಿಸಿರಲಿಲ್ಲ. ಬಿಚ್ಚಿ ನೋಡಿದೆ. ಚಿಕ್ಕೋಡಿಯ ಬಯಲು. ಬೇವಿನ ಗಿಡ, ರುಮಾಲು, ಟೋಪಿ, ಸೆರಗು ಹೊದ್ದ ತಲೆ, ಚಿತ್ರ ನೋಡಲು ಬಂದ ಮಂದಿಯೆಲ್ಲ ಎದುರಿಗೆ ನಿಂತು ನಮ್ಮನ್ನೇ ನೋಡುತ್ತಿದ್ದಾರೆ. ಬಗ್ಗಿದ ಮುದುಕರಿದ್ದಾರೆ, ಕನ್ನಡಕ ಒರೆಸುವ ಮಾಸ್ತರರಿದ್ದಾರೆ. ಒಂದು ಕಡೆ ಬಾನೆಟ್ಟಿನ ಮೇಲೆ ಖಾಕಿ ಅಂಗಿಯವನೊಬ್ಬ ಬಾಯಿ ಇಷ್ಟಗಲ ತೆರೆದು ನಿಂತಿದ್ದಾನೆ. ಅದು ನಾನು. ಹಿಂದಿನ ದಿನದ ನಾನು ಕೂಡ ಅವರಿಗೆ ಗೊತ್ತಿದ್ದ, ಬಾಯಿ ಹೊಲಿದುಕೊಂಡು ನಿಂತವನು. ಅವನನ್ನು ಅವರು ತೆಗೆಯಲಿಲ್ಲ.

ಈಗ ನಾಕಾ ಇಲ್ಲ. ಹಾದಿ ಎಷ್ಟು ಅಗಲವಾಗಿದೆಯೆಂದರೆ ಆ ಶೆಡ್ಡು ಯಾವ ಕಡೆ ಇತ್ತು ಎಂದು ನನಗೂ ಗುರುತು ಹತ್ತುವುದಿಲ್ಲ. ಕಾಕು ಹೋಗಿ ಬಹಳ ವರ್ಷವಾಯಿತು. ಚಿಕ್ಕೋಡಿಯ ಚಿತ್ರ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಎಲ್ಲಾ ಚಿತ್ರಗಳಲ್ಲಿ ಅದೊಂದು ಎಲ್ಲಿದೆ ಎನ್ನುವುದು ಮಾತ್ರ ಈಗ ನನಗೆ ಗೊತ್ತು. ಪ್ರತಿ ಬೇಸಿಗೆಗೆ ಬಣ್ಣ ಸೀಳು ಬಿಡುತ್ತದೆ, ಹಕ್ಕಳೆ ಹಕ್ಕಳೆ ಉದುರುತ್ತದೆ. ಮಗ ಹೇಳುತ್ತಾನೆ, "ಅಪ್ಪಾ, ಫೋಟೋ ಹೊಡದ ಫ್ಲೆಕ್ಸ್ ಮಾಡಸೂನು, ಹೊಸಾದು ಕಾಣತೈತಿ." ಅಥಣಿಯಿಂದ ಬಂದಿದ್ದ ಬೋರ್ಡು ಬರೆಯುವವನೊಬ್ಬ ಉದುರಿದಲ್ಲೆಲ್ಲ ಬಣ್ಣ ತುಂಬಿ ಕೊಡುತ್ತೇನೆ ಎಂದ. ಇಬ್ಬರಿಗೂ ಬೇಡ ಎಂದೆ. ಅದು ಕಾಕಾ ಹಚ್ಚಿದ ಬಣ್ಣ. ಉದುರಿದರೂ ಅವರದೇ ಉದುರಲಿ, ಇನ್ನೊಬ್ಬನ ಕೈ ಅದರ ಮೇಲೆ ಬೀಳುವುದು ಬೇಡ.

ಈ ಬೇಸಿಗೆಯಲ್ಲಿ ಖಾಕಿ ಅಂಗಿಯವನ ಬಾಯಿ ಉದುರಿತು. ಆ ಜಾಗದಲ್ಲಿ ಈಗ ಗಂಜಿ ಹಚ್ಚಿದ ಬರೀ ಬಟ್ಟೆ ಕಾಣುತ್ತದೆ. ಇಷ್ಟು ವರ್ಷ ಅವನು ಗೋಡೆಯ ಮೇಲೆ ನಿಂತು ನನ್ನ ಪರವಾಗಿ ಕೂಗುತ್ತಿದ್ದ. ಇನ್ನು ನಾನೇ ಹೇಳಬೇಕಲ್ಲ, ಅದಕ್ಕೇ ಪೆನ್ನು ಹಿಡಿದೆ. ಅಕ್ಷರ ಇವತ್ತಿಗೂ ದಪ್ಪ ದಪ್ಪವೇ ಬರುತ್ತವೆ.